ನುಚ್ಚಾಗದ ಕಾಳು

ಸಿಂದಗಿಯ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುವ ಪ್ರಹ್ಲಾದ ಮಾಸ್ತರರಿಗೆ ಇದ್ದದ್ದು ಒಂದೇ ಚಟ, ಪದಗಳ ಬೇರು ಹುಡುಕುವುದು. ಹನ್ನೊಂದು ವರ್ಷಗಳಿಂದ ದಪ್ಪನೆಯ ವಹಿಯಲ್ಲಿ ಅವನ್ನು ಬರೆದಿಡುತ್ತ ಬಂದಿದ್ದರು. ಓದಿದವರು ಯಾರೂ ಇರಲಿಲ್ಲ. ಹೆಂಡತಿ ಮುಕ್ತಾ ಆ ವಹಿಯನ್ನು ತಮ್ಮ ಸವತಿ ಎಂದೇ ಕರೆಯುತ್ತಿದ್ದರು.

ಆ ಶನಿವಾರ ತಾಲೂಕಿನ ಇಂಗ್ಲಿಷ್ ಶಿಕ್ಷಕರ ಸಭೆಯಲ್ಲಿ ಅದರ ಒಂದು ಪುಟವನ್ನು ಮೊದಲ ಬಾರಿ ಓದಬೇಕಿತ್ತು. ಆರಿಸಿಕೊಂಡ ಪದ 'ಟ್ರಿಬ್ಯುಲೇಷನ್', ಅಂದರೆ ಕಡುಸಂಕಟ. ಅದರ ಮೂಲ ಲ್ಯಾಟಿನ್ನಿನ 'ಟ್ರಿಬುಲಮ್': ತಳಕ್ಕೆ ಚೂಪುಗಲ್ಲು ಕೂರಿಸಿ ಎತ್ತುಗಳಿಂದ ಎಳೆಸುವ ಒಕ್ಕಣೆಯ ಹಲಗೆ. ಅದಕ್ಕೂ ಹಿಂದೆ, 'ತಿಕ್ಕು' ಎಂಬರ್ಥದ ಪ್ರಾಚೀನ ಧಾತು. ಕಾಳನ್ನು ಪುಡಿಮಾಡುವಂತೆ ಮನುಷ್ಯನನ್ನು ಪುಡಿಮಾಡುವುದೇ ಸಂಕಟ ಎಂದು ಮಾಸ್ತರರು ಬರೆದಿದ್ದರು. ತರಗತಿಯಲ್ಲೂ ಹಾಗೆಯೇ ಹೇಳಿದ್ದರು. ಮನೆತನದ ಹೊಲವನ್ನು ಪಾಲಿಗೆ ಕೊಟ್ಟು ಎರಡು ತಲೆಮಾರಾಗಿತ್ತು. ಒಕ್ಕಣೆಯನ್ನು ಅವರು ಕಂಡದ್ದು ಬಸ್ಸಿನ ಕಿಟಕಿಯಿಂದ ಮಾತ್ರ. ಸಭೆಯಲ್ಲಿ ಯಾರಾದರೂ ಕೆದಕಿ ಕೇಳಿದರೆ ಎಂಬ ಅಳುಕು ಹತ್ತಿ, ಶುಕ್ರವಾರ ರಜೆ ಹಾಕಿ, ಆಲಮೇಲದ ಹತ್ತಿರ ತಮ್ಮ ಹೊಲವನ್ನು ಪಾಲಿಗೆ ಮಾಡುವ ಯಲ್ಲವ್ವನ ಕಣಕ್ಕೆ ಹೋದರು.

"ಚಪ್ಲಿ ಅಲ್ಲೇ ಬಿಡ್ರಿ ಮಾಸ್ತರ, ಕಣ ಐತಿದು," ಎಂದಳು ಯಲ್ಲವ್ವ.

ಉಳಿದ ಜೋಳವೆಲ್ಲ ಮಷೀನಿಗೆ ಹೋಗಿತ್ತು. ಬೀಜಕ್ಕೆಂದು ಆರಿಸಿದ ತೆನೆಗಳನ್ನು ಮಾತ್ರ ಹರಡಿ, ಅವುಗಳ ಮೇಲೆ ಎರಡು ಎತ್ತುಗಳನ್ನು ಸುತ್ತಿಸುತ್ತಿದ್ದಳು. ಮಾಸ್ತರರು ತಮ್ಮ ಪುಟದ ಸಾರವನ್ನು ಹೇಳಿ, ಸರಿಯೇ ಎಂದು ಕೇಳಿದರು. ಅವಳು ತೆನೆಗಳ ಅಡಿಯಿಂದ ಒಂದು ಹಿಡಿ ಬಾಚಿ, ಹೊಟ್ಟು ಊದಿ, ಅವರ ಅಂಗೈಗೆ ಸುರಿದಳು. ಕಾಳು ದುಂಡಗೆ, ಇಡಿಯಾಗಿ ಇದ್ದವು.

"ಪುಡಿ ಆದ್ರ ಅದು ಬೀಸೂದು ಆತ್ರಿ, ಒಕ್ಕೂದಲ್ಲ. ನುಚ್ಚಾದ ಕಾಳು ಹುಟ್ಟಂಗಿಲ್ಲ. ಅದಕ್ಕ ಬೀಜದ್ದು ಮಷೀನಿಗೆ ಹಾಕಂಗಿಲ್ಲ ನಾನು. ಇಷ್ಟು ವರ್ಷ ಹುಡುಗರಿಗೆ ಇದನ್ನ ಹೇಳೀರೇನು?"

ಮಾಸ್ತರರು ಹೌದೆಂದು ತಲೆಯಾಡಿಸಿದರು.

ಹಿಂತಿರುಗುವ ಬಸ್ಸಿನಲ್ಲಿ ಅವರು ಆ ಸಾಲನ್ನು ಹೊಡೆದುಹಾಕಿ, ತಿಕ್ಕಾಟದಲ್ಲಿ ಹೊಟ್ಟು ಬಿಡುತ್ತದೆ, ಕಾಳು ಉಳಿಯುತ್ತದೆ ಎಂದು ಬರೆದರು. ಆಧಾರದ ಅಂಕಣದಲ್ಲಿ ನಿಘಂಟಿನ ಕೆಳಗೆ 'ಯಲ್ಲವ್ವ, ಕಣ, ಆಲಮೇಲ' ಎಂದು ಸೇರಿಸಿದರು.

ಶನಿವಾರ ಆಧಾರಸಹಿತ ಪುಟವನ್ನು ಓದಿದರು. ಇಬ್ಬರು ಶಿಕ್ಷಕರು ಅದನ್ನು ಬರೆದುಕೊಂಡರು. ಮನೆಗೆ ಬಂದು ಚಹಾ ಕುಡಿಯುತ್ತ ಮುಕ್ತಾ ಅವರಿಗೂ ಓದಿ ಹೇಳಿದರು.

"ಹನ್ನೊಂದು ವರ್ಷಕ್ಕ ಬಾಯಿ ಬಿಟ್ಲು ನೋಡ್ರಿ ನನ್ನ ಸವತಿ," ಎಂದರು ಮುಕ್ತಾ. "ಇನ್ನೊಂದು ಪುಟ ಓದ್ರಿ."