ಖಾಲಿ ಮೇಜಿನ ಲೆಕ್ಕ

ಇನ್ನೂ ಬೀದಿದೀಪಗಳು ಆರಿಲ್ಲ. ಗ್ರಂಥಾಲಯದ ಹಿಂಬಾಗಿಲ ಬೀಗ ತೆಗೆದು, ಚಪ್ಪಲಿಯನ್ನು ಮೆಟ್ಟಿಲ ಪಕ್ಕ ಜೋಡಿಸಿಟ್ಟು, ಮೇಜಕ್ಕ ಓದುವ ಹಾಲ್‌ನ ದೀಪ ಹಾಕುತ್ತಾರೆ. ನಿನ್ನೆ ಸಂಜೆ ಓದಿದವರು ಬಿಟ್ಟುಹೋದ ಪುಸ್ತಕಗಳು ಉದ್ದನೆಯ ಮರದ ಮೇಜುಗಳ ಮೇಲೆ ಹಾಗೇ ಬಿದ್ದಿವೆ. ಒಂದು ಬೋರಲಾಗಿದೆ, ಇನ್ನೊಂದು ಅಂಚಿನಲ್ಲಿ ಈಗಲೋ ಆಗಲೋ ಬೀಳುವಂತಿದೆ. ಮೇಜಕ್ಕ ಒದ್ದೆ ಬಟ್ಟೆ ಹಿಂಡಿ ಒರೆಸತೊಡಗುತ್ತಾರೆ. ಪುಸ್ತಕ ಇದ್ದಲ್ಲಿ ಬಟ್ಟೆ ಅದನ್ನು ಬಳಸಿಕೊಂಡು ಮುಂದೆ ಹೋಗುತ್ತದೆ. ಬೀಳುವಂತಿದ್ದದ್ದನ್ನು ಒಂದು ಬೆರಳಿನಿಂದ ಒಳಕ್ಕೆ ತಳ್ಳುತ್ತಾರೆ, ಅಷ್ಟೇ. ಎತ್ತುವುದಿಲ್ಲ.

"ಕೈ ಹೇಗೆ ತುರಿಸುತ್ತೆ ಗೊತ್ತಾ?" ಎನ್ನುತ್ತಾರೆ. "ಎತ್ತಿಡು, ಎತ್ತಿಡು ಅನ್ನುತ್ತೆ. ಅದಕ್ಕೇ ಒರೆಸಿ ಮುಗಿದ ಕೂಡಲೇ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ್ಬಿಡ್ತೀನಿ."

ಹಾಜರಿ ಪುಸ್ತಕದಲ್ಲಿ ಅವರಿಗೆ ಬೇರೆ ಹೆಸರಿದೆ. ಓದಲು ಬರುವವರ ಬಾಯಲ್ಲಿ ಮಾತ್ರ ಅವರು ಮೇಜಕ್ಕ. ಇಪ್ಪತ್ತು ವರ್ಷ ಮೀರಿತು, ಈ ಹಾಲ್‌ನ ಕಸ, ಕಿಟಕಿ, ಕುಡಿಯುವ ನೀರು, ಮೇಜು ಎಲ್ಲವೂ ಅವರ ಪಾಲಿಗೇ ಬಂದು. ದಿನಕ್ಕೆ ನೂರರ ಆಸುಪಾಸು ಜನ ಕೂತು ಏಳುತ್ತಿದ್ದ ಜಾಗ ಇದು. ಅಚ್ಚುಕಟ್ಟು ಅಂದರೆ ಅವರಿಗೆ ಪ್ರಾಣ. ಈ ವಿಷಯವನ್ನು ಲಿಫ್ಟ್ ರಿಪೇರಿ ಮಾಡುವ ಅವರ ಗಂಡನ ಬಾಯಲ್ಲೇ ಕೇಳಬೇಕು. "ಊಟದ ಮಧ್ಯೆ ನೀರು ಕುಡಿಯೋಕೆ ಅಂತ ತಲೆ ಎತ್ತಿದ್ರೆ ಸಾಕು, ತಟ್ಟೆ ತೊಳೆದು ಗೂಡು ಸೇರಿರುತ್ತೆ. ಮದುವೆ ಆದಾಗಿಂದ ನನ್ನದು ಅರ್ಧ ಹೊಟ್ಟೆ!" ಹೆಂಡತಿ ನಗಲಿ ಎಂದೇ ಹೇಳುವ ಮಾತು. ಈಚೆಗೆ ಆಕೆ ನಗುತ್ತಿಲ್ಲವಾದ್ದರಿಂದ ಅವರೂ ಅದನ್ನು ಹೇಳುವುದು ಕಡಿಮೆ ಮಾಡಿದ್ದಾರೆ.

ಏಕೆಂದರೆ ಆ ಅಚ್ಚುಕಟ್ಟೇ ಅವರಿಗೆ ಮುಳುವಾಯಿತು. ಅವರಿಗೆ ಅನ್ನುವುದಕ್ಕಿಂತ, ಅವರು ಒರೆಸಿದ ಮೇಜಿನಲ್ಲಿ ಕೂತು ಓದುತ್ತಿದ್ದವರಿಗೆ.

ಹಾಲ್‌ನ ಗೋಡೆಯ ಮೇಲೆ ಹಳೆಯದೊಂದು ಫಲಕವಿದೆ: ಓದಿದ ಪುಸ್ತಕವನ್ನು ಮೇಜಿನ ಮೇಲೆಯೇ ಬಿಡಿ. ಕಂಡಕಂಡಲ್ಲಿ ತುರುಕಿ ಕಪಾಟು ಕೆಡಿಸದಿರಲಿ ಎಂದು ಹೀಗೆ ಬರೆದಿದ್ದಾರೆ ಅಂದುಕೊಂಡಿದ್ದರು ಮೇಜಕ್ಕ. ಅದೂ ನಿಜವೇ. ಆದರೆ ಇನ್ನೊಂದು ಕಾರಣವಿತ್ತು, ಅದನ್ನು ಅವರಿಗೆ ಯಾರೂ ಹೇಳಲಿಲ್ಲ. ಕೌಂಟರಿನವರು ಬೆಳಗ್ಗೆ ಬಂದು ಮೇಜಿನ ಮೇಲಿನ ಪ್ರತಿ ಪುಸ್ತಕವನ್ನೂ ಸ್ಕ್ಯಾನರಿನ ಕೆಂಪು ದೀಪದ ಕೆಳಗೆ ಹಾಯಿಸಬೇಕು. ಆಗಲೇ ಕಂಪ್ಯೂಟರಿಗೆ ಗೊತ್ತಾಗುವುದು, ಈ ಪುಸ್ತಕವನ್ನು ಯಾರೋ ಇಲ್ಲಿ ಕೂತು ಓದಿದರು ಅಂತ. ಮನೆಗೆ ಒಯ್ಯುವ ಪುಸ್ತಕದ ಲೆಕ್ಕ ತಾನೇ ಬೀಳುತ್ತದೆ. ಕೂತಲ್ಲೇ ಓದಿ ಎದ್ದುಹೋಗುವವರ ಲೆಕ್ಕಕ್ಕೆ ಇದೊಂದೇ ದಾರಿ.

ಕೌಂಟರಿನವರು ಬರುವುದು ಬಿಸಿಲೇರಿದ ಮೇಲೆ. ಮೇಜಕ್ಕ ಬರುವುದು ಕತ್ತಲಿರುವಾಗಲೇ. ಕೌಂಟರಿನವರು ಬರುವಷ್ಟರಲ್ಲಿ ಇವರು ಪುಸ್ತಕಗಳನ್ನೆಲ್ಲ ಬೆನ್ನಿನ ನಂಬರು ನೋಡಿ, ಧೂಳು ಹೊಡೆದು, ಒಂದೂ ತಪ್ಪದಂತೆ ಕಪಾಟು ಸೇರಿಸಿರುತ್ತಿದ್ದರು. ಅದು ಅವರ ಕೆಲಸವಾಗಿರಲಿಲ್ಲ. ಯಾರೂ ಹೇಳದಿದ್ದರೂ ಮೈಬಗ್ಗಿಸಿ ಮಾಡುತ್ತಿದ್ದ ಹೆಚ್ಚುವರಿ ಕೆಲಸ. ಕೌಂಟರಿನವರು ಬಂದು ಖಾಲಿ ಮೇಜು ನೋಡಿ, ಇಲ್ಲಿ ಯಾರೂ ಪುಸ್ತಕ ಮುಟ್ಟುವುದಿಲ್ಲ, ಪೇಪರ್ ಓದಿ ಹೋಗುತ್ತಾರೆ ಅಂದುಕೊಂಡರು. ಹೀಗೆ ವರ್ಷಗಟ್ಟಲೆ ಇಬ್ಬರೂ ನೆಮ್ಮದಿಯಾಗಿದ್ದರು.

ಕಳೆದ ವರ್ಷ ಮಗಳ ಬಾಣಂತನಕ್ಕೆಂದು ಮೇಜಕ್ಕ ರಜೆ ಹಾಕಿ ಹೋದರು. ತಿರುಗಿ ಬಂದ ಬೆಳಗ್ಗೆ ದೀಪ ಹಾಕಿದರೆ, ಕಿಟಕಿ ಬದಿಯ ಕಪಾಟುಗಳು ಹಲ್ಲುದುರಿದ ಬಾಯಿಯ ಹಾಗಿದ್ದವು. ಕಳ್ಳತನವೇ ಇರಬೇಕೆಂದು, ಗ್ರಂಥಪಾಲಕಿ ಬರುವವರೆಗೂ ಬಾಗಿಲಲ್ಲೇ ನಿಂತಿದ್ದರು.

"ಕಳ್ಳತನ ಅಲ್ಲಕ್ಕ, ನಾವೇ ತೆಗೆಸಿದ್ದು," ಎಂದರು ಮೇಡಂ. ಕೆಲಸಕ್ಕೆ ಸೇರಿ ಹೆಚ್ಚು ದಿನವಾಗದ, ಮೆತ್ತನೆಯ ಮಾತಿನ ಹೆಂಗಸು. "ಹತ್ತು ವರ್ಷದಿಂದ ಯಾರೂ ಮುಟ್ಟದ ಪುಸ್ತಕ ಅವು. ನೀವು ರಜೆ ಹೋಗೋಕೆ ಮೊದಲೇ ಸಮಿತಿಯವರು ಲೆಕ್ಕ ನೋಡಿ ತೀರ್ಮಾನ ಮಾಡಿದ್ರು. ಇನ್ಮೇಲೆ ಹೊಸದಾಗಿ ತಗೊಳ್ಳೋದೆಲ್ಲ ಡಿಜಿಟಲ್. ಆ ಜಾಗಕ್ಕೆ ಕಂಪ್ಯೂಟರ್ ಬರುತ್ತೆ."

"ಮುಟ್ಟದೇ ಇರೋದಾ?" ಮೇಜಕ್ಕನಿಗೆ ನಗುವೇ ಬಂದಿತ್ತಂತೆ. "ಅಲ್ಲ ಮೇಡಂ, ದಿನಾ ಬೆಳಗ್ಗೆ ಅವನ್ನ ಮೇಜಿಂದ ಎತ್ತಿಡೋಳೇ ನಾನು!"

ಮೇಡಂ ತಲೆಯೆತ್ತಿ ನೋಡಿದರು. "ಎತ್ತಿಡೋದಾ? ಯಾವಾಗ?"

ಅಲ್ಲಿಂದ ಮುಂದಿನ ಮಾತನ್ನು ಮೇಜಕ್ಕ ಪೂರ್ತಿ ಹೇಳುವುದಿಲ್ಲ. ಮೇಡಂ ಪರದೆಯಲ್ಲಿ ಒಂದೊಂದೇ ಪುಸ್ತಕ ತೆಗೆದು ತೋರಿಸಿದರಂತೆ. ಸೊನ್ನೆ, ಸೊನ್ನೆ, ಸೊನ್ನೆ. ತಪ್ಪು ನಿಮ್ಮೊಬ್ಬರದೇ ಅಲ್ಲ, ಹೇಳಬೇಕಾದವರು ಹೇಳಲಿಲ್ಲ ಎಂದು ಎರಡೆರಡು ಸಲ ಅಂದರಂತೆ. ಆಮೇಲೆ ಅವರೇ ಫೋನ್ ಎತ್ತಿ ವಿಚಾರಿಸಿದರು. ಪುಸ್ತಕ ತುಂಬಿಕೊಂಡ ಲಾರಿ ಹೋಗಿ ವಾರ ಕಳೆದಿತ್ತು. ಪುಸ್ತಕಗಳು ಕಾಗದದ ಕಾರ್ಖಾನೆಯಲ್ಲಿ ಕರಗಿ ಮುದ್ದೆಯಾಗಿದ್ದವು. ಯಾರನ್ನು ಬೈಯುವುದು? ಬೈಯಲು ಒಬ್ಬ ಕೆಟ್ಟ ಮನುಷ್ಯನಾದರೂ ಸಿಕ್ಕಿದ್ದರೆ ಈ ಕತೆ ಹೇಳುವುದು ಸುಲಭವಾಗುತ್ತಿತ್ತು. ಇಲ್ಲಿ ಸಿಗುವುದು ಒಬ್ಬ ಶ್ರದ್ಧಾವಂತೆ ಮಾತ್ರ.

ಹೋದ ಪುಸ್ತಕಗಳಲ್ಲಿ ಒಂದು, ಹಾಸಿಗೆ ಹಿಡಿದವರ ಆರೈಕೆಯದು. ದಪ್ಪನೆಯದು, ಪುಟಕ್ಕೊಂದು ರೇಖಾಚಿತ್ರ. ಅದನ್ನು ಓದಲು ಪ್ರತಿ ವಾರ ಒಬ್ಬಾಕೆ ಬರುತ್ತಿದ್ದಳು. ಅವರಿವರ ಮನೆಯಲ್ಲಿ ಉಳಿದು ಕೈಲಾಗದ ಮುದುಕರನ್ನು ನೋಡಿಕೊಳ್ಳುವ ಕೆಲಸ ಅವಳದು. ವಾರಕ್ಕೊಮ್ಮೆ ಸಿಗುವ ಅರ್ಧ ದಿನದ ಬಿಡುವು ಇಲ್ಲಿಗೇ ಮೀಸಲು. ಕಾರ್ಡ್ ಮಾಡಿಸಿ ಪುಸ್ತಕ ಮನೆಗೊಯ್ಯಬಾರದೇ ಎಂದು ಮೇಜಕ್ಕ ಒಮ್ಮೆ ಕೇಳಿದ್ದುಂಟು. "ಕಾರ್ಡಿಗೆ ವಿಳಾಸ ಬೇಕಲ್ಲಕ್ಕ. ನನ್ನ ವಿಳಾಸ ಕೇಳಿದ್ರೆ ಯಾವ ಅಜ್ಜಿ ಮನೇದು ಅಂತ ನಾನೇ ಕೇಳ್ಬೇಕು," ಎಂದು ಅವಳು ನಕ್ಕಿದ್ದಳು.

ತನ್ನ ಶಾಲನ್ನು ಉದ್ದಕ್ಕೆ ಸುರುಳಿ ಸುತ್ತಿ ಮೇಜಿನ ಮೇಲೆ ಮಲಗಿಸಿ, ಚಿತ್ರ ನೋಡಿಕೊಂಡು, ಸೊಂಟದ ಕೆಳಗೆ ಹೇಗೆ ಕೈ ಕೊಡಬೇಕು, ಬೆನ್ನು ಹುಣ್ಣಾಗದಂತೆ ಹೇಗೆ ಮಗ್ಗುಲು ಬದಲಿಸಬೇಕು ಎಂದು ಮತ್ತೆ ಮತ್ತೆ ಅಭ್ಯಾಸ ಮಾಡುತ್ತಿದ್ದಳಂತೆ. "ಶಾಲಿನ ಹತ್ರ ಮಾತಾಡೋಳು ಬೇರೆ," ಎನ್ನುತ್ತಾರೆ ಮೇಜಕ್ಕ. "ನೋವಾಯ್ತಾ ಅಜ್ಜಿ, ಆಯ್ತು ಆಯ್ತು, ಅಂತ. ಪಕ್ಕದಲ್ಲಿ ಪೇಪರ್ ಓದೋರು ತಲೆ ಕೆಟ್ಟಿದೆ ಅಂದ್ಕೊಳ್ಳೋರು. ನಾನು ಮಾತ್ರ ನಿಂತು ನೋಡ್ತಿದ್ದೆ."

ಪುಸ್ತಕಕ್ಕೆ ಬದಲಿ ಇಲ್ಲವೇ ಎಂದರೆ, ಇದೆ. ಮೇಡಂ ಹುಡುಕಿ ತೆಗೆದಿದ್ದಾರೆ. ಹೊಸ ಆವೃತ್ತಿ, ಬಣ್ಣದ ಚಿತ್ರ, ಫೋನಿನಲ್ಲೇ ಓದಬಹುದು. ತೆರೆಯಲು ಸದಸ್ಯತ್ವದ ನಂಬರು ಬೇಕು, ನಂಬರಿಗೆ ವಿಳಾಸ ಬೇಕು. ನಿಯಮ ಸಡಿಲಿಸಿ ಎಂದು ಮೇಡಂ ಮೇಲಿನವರಿಗೆ ಬರೆದು ಕಾಯುತ್ತಿದ್ದಾರೆ. ಅಲ್ಲದೆ ಈ ಡಿಜಿಟಲ್ ಪುಸ್ತಕಗಳು ಗ್ರಂಥಾಲಯದ ಸ್ವಂತದವಲ್ಲ, ಬಾಡಿಗೆಯವು. ಒಪ್ಪಂದ ಮುಗಿದ ದಿನ ತಾವಾಗಿಯೇ ಮಾಯವಾಗುತ್ತವೆ. ಹಾಗೆಂದು ಮೇಡಂ ಡಿಜಿಟಲ್ಲನ್ನು ಹಳಿಯುವುದಿಲ್ಲ. "ಕಣ್ಣು ಕಾಣದವರಿಗೆ ಅದೇ ಓದಿ ಹೇಳುತ್ತೆ, ದೂರದವರಿಗೆ ಮನೆಬಾಗಿಲಿಗೇ ಹೋಗುತ್ತೆ. ಆದ್ರೆ ಅದರಲ್ಲಿ ಯಾರು ಯಾವ ಪುಟ ತೆರೆದರೂ ಲೆಕ್ಕಕ್ಕೆ ಸಿಗುತ್ತೆ. ಕಾಗದದ ಪುಸ್ತಕ ಓದಿದವರು ಏನೂ ಗುರುತು ಬಿಡಲ್ಲ. ನಾವು ಲೆಕ್ಕ ನೋಡಿ ಪುಸ್ತಕ ಕೊಳ್ಳೋರು. ಇನ್ನೇನಾಗುತ್ತೆ ಹೇಳಿ?"

ಮೇಜಕ್ಕನ ತಕರಾರು ಬೇರೆಯೇ. "ಕಪಾಟಲ್ಲಿ ಪುಸ್ತಕ ಹೋದ್ರೆ ಜಾಗ ಖಾಲಿ ಕಾಣುತ್ತೆ. ಯಾಕೆ ಅಂತ ಕೇಳ್ಬಹುದು. ಫೋನಲ್ಲಿ ಹೋದ್ರೆ ಖಾಲಿನೂ ಕಾಣಲ್ವಲ್ಲ."

ಈಗ ಹಾಲ್‌ನ ಅರ್ಧ ಭಾಗಕ್ಕೆ ಕಂಪ್ಯೂಟರುಗಳು ಬಂದಿವೆ. ಉಳಿದ ಕಪಾಟುಗಳ ಹಣೆಬರಹ ಮುಂದಿನ ಸಭೆಯಲ್ಲಿ ತೀರ್ಮಾನವಾಗಬೇಕು. ಅಲ್ಲಿಯವರೆಗೆ ಮೇಜಿನ ಮೇಲಿನ ಒಂದೊಂದು ಪುಸ್ತಕವೂ ಕೆಂಪು ದೀಪ ಕಾಣಬೇಕು. ಅದಕ್ಕೇ ಮೇಜಕ್ಕ ಕೈಕಟ್ಟಿ ಹೊರಗೆ ಕೂರುವುದು. ಲೆಕ್ಕ ಏರುತ್ತಿದೆ ಎಂದು ಮೇಡಂ ಸಮಾಧಾನ ಹೇಳುತ್ತಾರೆ. ಆದರೆ ತಮ್ಮ ಪುಸ್ತಕ ಕಾಣದೆ ತಿರುಗಿಹೋದ ಎಷ್ಟೋ ಜನ ಮತ್ತೆ ಈ ಕಡೆ ತಲೆಹಾಕಿಲ್ಲ. ಲೆಕ್ಕ ಶುರುವಾಗುವಷ್ಟರಲ್ಲಿ ಓದುವವರೇ ಕರಗಿದ್ದಾರೆ.

ಪುಸ್ತಕ ಹೋದಮೇಲೆ ಆರೈಕೆಯಾಕೆ ಬಂದ ದಿನದ ಬಗ್ಗೆ ಕೇಳಿದರೆ ಮೇಜಕ್ಕ ಸೆರಗಿನ ತುದಿಯನ್ನು ಮಡಚುತ್ತ ಹೇಳುತ್ತಾರೆ. ಎಲ್ಲೋ ತಪ್ಪಿ ಇಟ್ಟಿದ್ದಾರೆ, ಹುಡುಕಿಸುತ್ತೇನೆ ಎಂದು ಹೇಳಿ ಸಾಗಹಾಕಬಹುದಿತ್ತು. ಮನಸ್ಸು ಒಪ್ಪಲಿಲ್ಲ. ಪಕ್ಕದ ಕುರ್ಚಿ ಎಳೆದು ಕೂತು ಇದ್ದದ್ದು ಇದ್ದಂತೆ ಹೇಳಿದರು. ನಿನ್ನ ಪುಸ್ತಕ ಯಾರೂ ಓದಲ್ಲ ಅಂತ ಕಳಿಸಿಬಿಟ್ರು ಕಣಮ್ಮ, ಅವರಿಗೆ ಹಾಗೆ ಅನ್ನಿಸೋ ಹಾಗೆ ಮಾಡಿದ್ದು ನಾನೇ, ಎಂದರು.

ಅವಳು ಕೈಚೀಲದಿಂದ ಆಗಲೇ ಕನ್ನಡಕ ತೆಗೆದಿದ್ದಳು. ಅದನ್ನು ಮಡಚಿ ಒಳಗಿಟ್ಟಳು. "ಹೋಗ್ಲಿ ಬಿಡಕ್ಕ. ನೀವು ನಮಗೋಸ್ಕರ ತಾನೇ ಮಾಡಿದ್ದು," ಎಂದಳು. ಎದ್ದಳು. ಕುರ್ಚಿಯನ್ನು ಸದ್ದಾಗದಂತೆ ಒಳಕ್ಕೆ ಸರಿಸಿ ಹೋದಳು.

ಆಮೇಲೆ ಅವಳು ಬಂದಿಲ್ಲ. ಯಾವ ಮನೆಯಲ್ಲಿದ್ದಾಳೆ, ಯಾವ ಅಜ್ಜಿಗೆ ಮಗ್ಗುಲು ಬದಲಿಸುತ್ತಿದ್ದಾಳೆ, ಯಾರಿಗೂ ಗೊತ್ತಿಲ್ಲ. ಹುಡುಕೋಣವೆಂದರೆ ವಿಳಾಸವೇ ಇಲ್ಲ.

ನಿವೃತ್ತಿಗೆ ಇನ್ನು ಹೆಚ್ಚು ದಿನವಿಲ್ಲ. ನಿಮ್ಮದೇನಾದರೂ ಆಸೆಯಿದೆಯೇ ಎಂದು ಕೇಳಿದರೆ ಮೇಜಕ್ಕ ಪಿಂಚಣಿಯ ಮಾತೆತ್ತುವುದಿಲ್ಲ, ಮೊಮ್ಮಗುವಿನ ಮಾತೂ ಎತ್ತುವುದಿಲ್ಲ.

"ಅವಳು ಬೈದಿದ್ರೆ ಚೆನ್ನಾಗಿತ್ತು. ಬೈಯದೇ ಹೋದ್ಲಲ್ಲ, ಅದು ತಡ್ಕೊಳ್ಳೋಕಾಗ್ತಿಲ್ಲ. ನಾನು ಇರೋದ್ರೊಳಗೆ ಒಂದು ಸಲ ಬರ್ಲಿ. ಓದೋಕೆ ಏನೂ ಉಳಿದಿಲ್ಲ, ಗೊತ್ತು. ನನ್ನನ್ನ ಬೈಯೋಕಾದ್ರೂ ಬರ್ಲಿ."