ಹೆಸರಿನ ಜಾಗ

ನನ್ನ ಸೋದರತ್ತೆ ಚನ್ನಾಜಮ್ಮನಿಗೆ ಸೋಸಲೆಯಲ್ಲಿ ಒಂದು ಎಕರೆ ಗದ್ದೆ, ಎರಡು ಹಸು, ಬಾಯ ತುಂಬ ಸೋಬಾನೆ ಪದ. ಬೆಳಿಗ್ಗೆ ಡೇರಿಗೆ ಹಾಲು ಹಾಕಿದಳೆಂದರೆ ಮದುವೆ ಇದ್ದ ಕಡೆಗೆ ಬಸ್ ಹತ್ತಿದಳೆಂದೇ ಅರ್ಥ.

ಸೋಬಾನೆಗೆ ಇಬ್ಬರು ಬೇಕು. ಒಬ್ಬರು ಸೊಲ್ಲು ಎತ್ತಬೇಕು, ಇನ್ನೊಬ್ಬರು ತಿರುಗಿ ಹೇಳಬೇಕು. ಮೂವತ್ತು ವರ್ಷ ಅತ್ತೆಗೆ ತಿರುಗಿ ಹೇಳಿದ ದೇವೀರಮ್ಮ ಎರಡು ವರ್ಷದ ಹಿಂದೆ ತೀರಿಕೊಂಡಳು. ಅಂದಿನಿಂದ ಅತ್ತೆಗೆ ಒಂದೇ ಚಿಂತೆ, ತನ್ನ ಜೊತೆಗೆ ಪದವೂ ಹೋಗಬಾರದು. ಊರ ಹುಡುಗಿಯರನ್ನು ಕಲಿಯಲು ಕರೆದಳು. ಯಾರಿಗೂ ಪುರುಸೊತ್ತಿರಲಿಲ್ಲ. ನನಗೂ ಇರಲಿಲ್ಲ, ಮೊಬೈಲ್ ನೋಡಲು ಮಾತ್ರ ಇತ್ತು.

ಆ ನಾಚಿಕೆಗೇ ಇರಬೇಕು, ಟಿ. ನರಸೀಪುರದ ಕಂಪ್ಯೂಟರ್ ಸೆಂಟರಿನಲ್ಲಿ ಕೆಲಸ ಮಾಡುವ ನಾನು ಆನ್‌ಲೈನ್ ಪಾಠದ ಒಂದು ಕಂಪನಿಗೆ ಬರೆದೆ. ದೇಶದೇಶಗಳ ಹಾಡು ಕಲಿಸಿ, ಕಲಿತವರಿಂದ ಹಾಡಿಸಿ ಮಾರ್ಕ್ಸ್ ಹಾಕುವ ಆ್ಯಪ್ ಅವರದು. ಪಕ್ಕದ ಮನೆಯ ನಾಗರತ್ನಳಿಗೆ ಅರಿಸಿನ ಹಚ್ಚುವಾಗ ಅತ್ತೆ ಹೇಳಿದ ಪದವನ್ನು ರೆಕಾರ್ಡ್ ಮಾಡಿ ಕಳಿಸಿದೆ. ಆರು ತಿಂಗಳಲ್ಲಿ ಎರಡು ಸಾವಿರ ಜನ ಕಲಿತರು. ಅತ್ತೆ ಡೇರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದ್ದೇ ಹೇಳಿದ್ದು.

ಮಾಘದಲ್ಲಿ ನಂಜನಗೂಡಿನ ಒಂದು ಮದುವೆಗೆ ಹೋದೆವು. ಮದುಮಗಳು ವಿನುತಾ. ಅವಳ ನಾಲ್ವರು ಗೆಳತಿಯರು ಆ್ಯಪಿನಲ್ಲಿ ಕಲಿತ ಅತ್ತೆಯ ಪದವನ್ನೇ ಹೇಳಿದರು. ರಾಗ ಚೆನ್ನಾಗಿಯೇ ಇತ್ತು. ಆದರೆ ವಿನುತಾಳಿಗೆ ಅರಿಸಿನ ಹಚ್ಚುತ್ತ ಅವರು ಹರಸಿದ್ದು ಸೋಸಲೆಯ ನಾಗರತ್ನಳನ್ನು! ನಾಗರತ್ನಳ ಅಪ್ಪ, ಮನೆದೇವರು, ಹಿತ್ತಿಲ ನುಗ್ಗೆಮರ, ಒಂದನ್ನೂ ಬಿಡಲಿಲ್ಲ. ವಿನುತಾಳ ಅಜ್ಜಿ ಅರಿಸಿನದ ಬಟ್ಟಲು ಕೆಳಗಿಟ್ಟು, ಯಾರು ಈ ನಾಗರತ್ನ ಎಂದು ಕೇಳಿದರು. ಚಪ್ಪರದಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಅತ್ತೆ ನಗಲಿಲ್ಲ. ಯಾರ ಮನೆಯ ಶಾಸ್ತ್ರವೋ ಅವರ ಹೆಸರು, ಅವರ ದೇವರು ಪದದೊಳಗೆ ಬರಬೇಕು. ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ ಎಂದು ನಾವು ತಿಳಿದಿದ್ದೆವು. ಹೆಸರು ಯಾಕೆ ಬದಲಿಸಲಿಲ್ಲ ಎಂದು ಅತ್ತೆ ಕೇಳಿದಳು. ಬದಲಿಸಿದರೆ ಆ್ಯಪಿನಲ್ಲಿ ಮಾರ್ಕ್ಸ್ ಹೋಗುತ್ತದೆ ಎಂದು ಒಬ್ಬ ಹುಡುಗಿ ಮೆಲ್ಲಗೆ ಹೇಳಿದಳು.

ಅತ್ತೆ ನನ್ನ ಫೋನ್ ಇಸಿದುಕೊಂಡು, ಆ್ಯಪಿನ ಅದೇ ಪರೀಕ್ಷೆಗೆ ತಾನೇ ಕೂತು, ವಿನುತಾಳ ಹೆಸರಿಟ್ಟು ಪದ ಹೇಳಿದಳು. ನೂರಕ್ಕೆ ಮೂವತ್ತೊಂದು ಬಂತು. ನನಗೆ ಮೈಯೆಲ್ಲ ಉರಿಯಿತು. ಅತ್ತೆ ತಣ್ಣಗಿದ್ದಳು.

"ನಾನು ಫೇಲಾದ್ರೆ ಆಗ್ಲಿ ಕಣವ್ವ. ಬ್ಯಾರೆಯೋರ್ ಎಸ್ರು ಏಳ್ಕಂಡು ಆ ಮಕ್ಳು ಪಾಸಾಗ್ಬಾರ್ದು."

ಹೆಸರಿನ ಜಾಗ ಖಾಲಿ ಬಿಡಿ ಎಂದು ಕಂಪನಿಗೆ ಬರೆಸಿದಳು. ಎಲ್ಲ ದೇಶದವರಿಗೂ ಪಾಠ ಒಂದೇ ಥರ ಇರಬೇಕು, ಇಲ್ಲದಿದ್ದರೆ ಮಾರ್ಕ್ಸ್ ಹಾಕಲು ಆಗುವುದಿಲ್ಲ ಎಂದು ಉತ್ತರ ಬಂತು. ಹಾಗಾದರೆ ಪದ ತೆಗೆಸು ಎಂದಳು. ಎರಡು ಸಾವಿರ ಜನ ಹೋಗುತ್ತಾರೆ ಎಂದು ಅಂಗಲಾಚಿದೆ. ಜಪ್ಪಯ್ಯ ಅಂದರೂ ಕೇಳಲಿಲ್ಲ, ತೆಗೆಸಿದೆ.

ಈಗ ಭಾನುವಾರ ಮಧ್ಯಾಹ್ನ, ಹಸುಗಳಿಗೆ ಹುಲ್ಲು ಹಾಕಿದ ಮೇಲೆ, ವಿಡಿಯೋ ಕಾಲಿನಲ್ಲಿ ಅವಳದೇ ಪಾಠ. ಉಳಿದವರು ಹನ್ನೊಂದು ಜನ. ನಂಜನಗೂಡಿನ ಆ ನಾಲ್ವರೂ ಇದ್ದಾರೆ. ಪದ ಆಮೇಲೆ, ಮೊದಲು ನಿಮ್ಮ ಮನೆದೇವರು, ಹಿತ್ತಿಲ ಗಿಡ, ಹಿರಿಯರ ಹೆಸರು ಕೇಳಿಕೊಂಡು ಬನ್ನಿ ಎಂಬುದು ಅವಳ ಕಟ್ಟಪ್ಪಣೆ. ತಗಡೂರಿನಿಂದ ದುಬೈಗೆ ಹೋಗಿರುವ ವನಜಾಕ್ಷಿ, ತನಗೆ ಹಿತ್ತಿಲೇ ಇಲ್ಲ, ಬಾಲ್ಕನಿಯ ಕುಂಡದಲ್ಲಿ ದೊಡ್ಡಪತ್ರೆ ಇದೆ ಅಷ್ಟೇ ಎಂದಳು. ಅತ್ತೆ ಅದನ್ನೇ ಪದಕ್ಕೆ ಸೇರಿಸಿದಳು.

ಮೊನ್ನೆ ಅತ್ತೆ ಸೊಲ್ಲು ಎತ್ತಿ ಹೆಸರಿನ ಜಾಗಕ್ಕೆ ಬಂದು ನಿಲ್ಲಿಸಿದಳು. ನೆಟ್‌ವರ್ಕ್ ಎಳೆದಾಡಿತು. ಆಮೇಲೆ ಹನ್ನೊಂದು ಮನೆಗಳಿಂದ ಅವರವರ ಹನ್ನೊಂದು ಹೆಸರು ಹಿಂದೆಮುಂದೆಯಾಗಿ, ಒಂದರ ಮೇಲೊಂದು ಬಿದ್ದು ಬಂದವು. ಆ್ಯಪ್ ಕೇಳಿಸಿಕೊಂಡಿದ್ದರೆ ಸೊನ್ನೆ ಕೊಡುತ್ತಿತ್ತು. ಹನ್ನೆರಡನೆಯ ಹೆಸರು ನನ್ನದು, ಅವಳ ಪಕ್ಕದಲ್ಲೇ ಕೂತು ಹೇಳಿದೆ.

ಅತ್ತೆ ನನ್ನ ಕಡೆ ತಿರುಗಿದಳು. ದೇವೀರಮ್ಮ ಕೂರುತ್ತಿದ್ದ ಜಾಗ ಅದು. ಸೆರಗಿನಿಂದ ಕಣ್ಣೊರೆಸಿಕೊಂಡು ಮುಂದಿನ ಸೊಲ್ಲು ಎತ್ತಿದಳು.