ಕೊಡತಿ ಹಿಡಿದವನ ತೋಟ ಎಲ್ಲಿದೆ

ಹಯಾತಸಾಬ ಯಾರನ್ನೂ ನಂಬುತ್ತಿರಲಿಲ್ಲ. ಅವನಿಗೆ ಮಣ್ಣು ಕೊಟ್ಟು ತಿರುಗಿ ಬರುವಾಗ ಜನ ಅವನ ಬಗ್ಗೆ ಆಡಿಕೊಂಡ ಮೊದಲ ಮಾತೂ ಅದೇ. ಹೇಳಿದವರು ಅದನ್ನು ಬೈಗುಳವಾಗಿ ಹೇಳಲಿಲ್ಲ.

ಸವಣೂರಿನ ನವಾಬರ ಸಂಸ್ಥಾನಕ್ಕೆ ಸೇರಿದ ಒಂದು ಸಣ್ಣ ಹಳ್ಳಿಯಲ್ಲಿ ಅವನು ನೀರಗಂಟಿ. ಕೆರೆಯ ತೂಬು ತೆರೆದು, ಕೆಳಗಿನ ಎಲೆಬಳ್ಳಿ ತೋಟಗಳಿಗೆ ಸರದಿಯಂತೆ ನೀರು ಬಿಟ್ಟು, ಹೊತ್ತು ಮುಳುಗುವಾಗ ಮುಚ್ಚುವುದು ಅವನ ಕೆಲಸ. ತೂಬಿನ ಬಾಯಿಗೆ ಮರದ ಗೂಟವಿತ್ತು. ಅದನ್ನು ಬಡಿಯಲು ಜಾಲಿ ಕಟ್ಟಿಗೆಯ ಒಂದು ಕೊಡತಿ. ಆ ಕೊಡತಿಯನ್ನು ಅವನ ಮನೆಯವರ ಹೊರತು ಯಾರೂ ಮುಟ್ಟುತ್ತಿರಲಿಲ್ಲ. ಏರಿಯ ಮೇಲೆ ಒಂದು ನೆಟ್ಟ ಕಲ್ಲು, ಅದರ ಸುತ್ತ ನೆಲಕ್ಕೆ ಹುಗಿದ ಗುರುತಿನ ಕಲ್ಲುಗಳು. ನೆರಳು ಒಂದು ಗುರುತಿಗೆ ಬಂದರೆ ಒಂದು ತೋಟದ ಸರದಿ ಮುಗಿಯಿತು, ಮುಂದಿನದರ ಸರದಿ ಶುರುವಾಯಿತು. ಕಾಲುವೆಯ ಮೊದಲಿಗೆ ಚನ್ನವೀರಪ್ಪನ ದೊಡ್ಡ ತೋಟ, ಕಟ್ಟಕಡೆಗೆ ವಿಧವೆ ದುರಗವ್ವನ ಸಣ್ಣ ತೋಟ. ಮೇಲಿನವರು ಯಾರು ಹೆಚ್ಚು ಕುಡಿದರೂ ಅಷ್ಟೂ ಕಡಿಮೆಯಾಗುವುದು ದುರಗವ್ವನಿಗೆ.

ಅದರಲ್ಲೂ ಅವಳ ತೋಟ ಸಂಸ್ಥಾನದ ಎಲ್ಲೆಯ ಆಚೆ, ಇಂಗ್ಲಿಷರ ಶಿಗ್ಗಾಂವಿ ತಾಲೂಕಿನಲ್ಲಿತ್ತು. ಹೊಲದ ಪಟ್ಟಿ ಕಟ್ಟುವುದು ಒಂದು ಸರಕಾರಕ್ಕೆ, ನೀರು ಬರುವುದು ಇನ್ನೊಂದು ಸರಕಾರದಿಂದ. ಅವಳ ತಕರಾರಿಗೆ ಎರಡೂ ಕಡೆಯವರು ನಮಗೆ ಸಂಬಂಧವಿಲ್ಲವೆಂದು ಕೈ ಚೆಲ್ಲುತ್ತಿದ್ದರು. ಅವಳಿಗಿದ್ದದ್ದು ಹಯಾತನ ನೆರಳಿನ ಕಲ್ಲು ಒಂದೇ.

ಕೊಡತಿ ತಮ್ಮ ಮನೆಗೆ ಹೇಗೆ ಬಂತೆಂಬುದನ್ನು ತಂದೆ ಬಂದೇಸಾಬ ಅವನಿಗೆ ಹೇಳಿದ್ದ. ಒಂದು ಕಾಲಕ್ಕೆ ನೀರಗಂಟಿ ಎಂಬವನೇ ಇರಲಿಲ್ಲವಂತೆ. ಬಲ ಇದ್ದವನು ಒಡ್ಡು ಒಡೆದುಕೊಳ್ಳುತ್ತಿದ್ದ. ಒಂದು ಬೇಸಿಗೆ ಗುದ್ದಲಿ ಏಟಿಗೆ ಒಬ್ಬನ ತಲೆ ಒಡೆದು ಕಾಲುವೆಯ ನೀರು ಕೆಂಪಾಯಿತು. ಆಗ ಊರವರು ಕೂಡಿ ಬಂದದ್ದು ಹಯಾತನ ಮುತ್ತಜ್ಜನ ಗುಡಿಸಲಿಗೆ. ಅವನು ಶೂರನೂ ಅಲ್ಲ, ಜಾಣನೂ ಅಲ್ಲ. ಕೆರೆಯ ಕೆಳಗೆ ಅವನಿಗೆ ಅಂಗೈಯಗಲ ನೆಲ ಇರಲಿಲ್ಲ, ಅದಕ್ಕೇ ಅವನ ಕೈಗೆ ಕೊಟ್ಟರು. ಸುಗ್ಗಿಯಲ್ಲಿ ಪ್ರತಿ ತೋಟದವರು ಅವನಿಗೆ ಕಾಳಿನ ಆಯ ಕೊಡಬೇಕು, ಅವನು ಆ ನೀರಲ್ಲಿ ಒಂದು ಬಳ್ಳಿಯನ್ನೂ ನೆಡಬಾರದು.

ಈ ಕಟ್ಟಳೆ ಹಯಾತನ ತಲೆಯಲ್ಲಿ ಹೇಗೆ ಕೂತಿತ್ತೆಂದರೆ ಯಾವ ಅಧಿಕಾರಿ ಊರಿಗೆ ಬಂದರೂ ಅವನು ಮೊದಲು ಕೇಳುತ್ತಿದ್ದದ್ದು ಒಂದೇ: ಇವರ ತೋಟ ಎಲ್ಲಿದೆ? ಕಂದಾಯದವನು ಬಂದರೆ ಅವನ ಮಾವನ ಹೊಲ ಯಾವ ಊರಲ್ಲಿದೆ ಎಂದು ವಿಚಾರಿಸುವನು. ಯಾರಾದರೂ ಸಿಹಿಯಾಗಿ ಮಾತಾಡಿದರೆ ಎರಡು ಹೆಜ್ಜೆ ಹಿಂದೆ ಸರಿಯುವನು.

ಸಾವಿರದ ಒಂಬೈನೂರ ಮೂವತ್ತೆಂಟರ ಸುಮಾರಿಗೆ ಅಕ್ಕಿಆಲೂರಿನಿಂದ ಪರಮೇಶಪ್ಪ ಮಾಸ್ತರರು ಗಾಂಧಿ ಟೋಪಿ ಹಾಕಿಕೊಂಡು ಬಂದು, ಏರಿಯ ಹುಣಸೆ ಗಿಡದ ಕೆಳಗೆ ಜನರನ್ನು ಕೂಡಿಸಿದರು. ಲೋಕದಲ್ಲಿ ಸರಕಾರಗಳು ಮೂರು ಬಗೆ ಎಂದರು. ಒಬ್ಬನು ಆಳುವುದು, ಕೆಲವರು ಆಳುವುದು, ಎಲ್ಲರೂ ಆಳುವುದು. ಜನ ತಲೆಯಾಡಿಸಿದರು. ಹಿಂದೆ ಕೂತಿದ್ದ ಹಯಾತ ಎದ್ದು ನಿಂತ.

"ನೀವು ಹೇಳಿದ್ದೆಲ್ಲಾ ಖರೇರಿ ಮಾಸ್ತರ. ಆದ್ರ ಮೂರೂ ಕಡೆ ಕೊಡತಿ ಯಾರದರ ಒಬ್ಬರ ಕೈಯಾಗ ಇರತೈತಿ. ಅವರ ತೋಟ ಎಲ್ಲೈತಿ ಅಂತ ನೀವು ಹೇಳಲಿಲ್ಲ."

ಜನ ನಕ್ಕರು. ಮಾಸ್ತರರೂ ನಕ್ಕರು. ಆಮೇಲೆ ಅವರು ಆ ಹಾದಿಯಲ್ಲಿ ಬಂದಾಗಲೆಲ್ಲ ಏರಿಯ ಮೇಲೆ ಹಯಾತನ ಪಕ್ಕ ಕೂತು ಹೋಗುವುದು ರೂಢಿಯಾಯಿತು. ಅವರನ್ನು ನಂಬಲು ಹಯಾತನಿಗೆ ಬಹಳ ವರ್ಷ ಬೇಕಾದವು.

ಮಗಳು ನಸೀರಾಳನ್ನು ಅವನು ಸವಣೂರಿನ ಎಲೆ ವ್ಯಾಪಾರಿ ಜಮಾಲಸಾಬನ ಮನೆಗೆ ಕೊಟ್ಟ. ಕೊಡುವಾಗ ಬೀಗರಿಗೆ ತೋಟವಿಲ್ಲವೆಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಿದ್ದ. ಆದರೆ ನಲವತ್ತೇಳರಲ್ಲಿ ಜಮಾಲಸಾಬ ಇದೇ ಕೆರೆಯ ಕೆಳಗೆ, ಕಾಲುವೆಯ ನಡುವೆ, ಒಂದು ತೋಟ ಕೊಂಡು ಮಗ ಸೊಸೆಯನ್ನು ಅಲ್ಲಿಗೆ ಕಳಿಸಿದ. ಇಷ್ಟು ಕೆರೆಗಳಿರುವಾಗ ಇಲ್ಲೇ ಯಾಕೆ ಕೊಂಡ ಎಂದು ಹಯಾತನಿಗೆ ಆ ದಿನದಿಂದ ಬೀಗನ ಮೇಲೆ ಗುಮಾನಿ. ಬೀಗರ ತೋಟವೆಂದರೆ ತನ್ನ ತೋಟವಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಆ ಸಮಾಧಾನದ ಮೇಲೆ ಮಾತ್ರ ಅವನಿಗೆ ಗುಮಾನಿ ಬರಲಿಲ್ಲ.

ನಲವತ್ತೆಂಟರ ಬೇಸಿಗೆಯ ಹೊತ್ತಿಗೆ ಸಂಸ್ಥಾನ ಮುಗಿದು ಮುಂಬಯಿ ಪ್ರಾಂತದಲ್ಲಿ ಸೇರಿತು. ಊರಲ್ಲಿ ಕಮಿಟಿ ಆಯಿತು, ಚನ್ನವೀರಪ್ಪ ಅದರ ಮುಖ್ಯಸ್ಥನಾದ. ಇನ್ನು ಎಲ್ಲವೂ ಜನರ ಕೈಗೆ ಬರಬೇಕು, ಕೊಡತಿಯೂ ಕಮಿಟಿಗೆ ಬರಬೇಕು ಎಂದ. ಹಯಾತ ಒಪ್ಪಲಿಲ್ಲ. ಮೊದಲ ತೋಟದವನ ಕೈಗೆ ಕೊಟ್ಟರೆ ಕಡೆಯ ತೋಟ ಒಣಗುತ್ತದೆ ಎಂದು ಎಲ್ಲರೆದುರೇ ಹೇಳಿದ. ಚನ್ನವೀರಪ್ಪನ ಮುಖ ಕಪ್ಪಿಟ್ಟಿತು. ವಾರ ತುಂಬುವುದರೊಳಗೆ ಊರಲ್ಲಿ ಮಾತು ಹಬ್ಬಿತು: ಹಯಾತ ನವಾಬರ ಕಡೆಯವನು, ಹಳೆಯದು ತಿರುಗಿ ಬರಲೆಂದು ಕಾಯುತ್ತಿದ್ದಾನೆ, ಹೈದರಾಬಾದಿನ ಗಲಾಟೆಯವರ ಜೊತೆ ಸುದ್ದಿ ಇಟ್ಟುಕೊಂಡಿದ್ದಾನೆ. ಹುಟ್ಟಿದಾರಭ್ಯ ಶಿಗ್ಗಾಂವಿ ಸಂತೆ ದಾಟಿ ಹೋಗದವನ ಮೇಲೆ ಈ ಮಾತು. ಮುಖ ಕೊಟ್ಟು ಮಾತಾಡುತ್ತಿದ್ದವರು ಏರಿಯಿಂದ ಇಳಿದು ಬಳಸಿ ಹೋಗತೊಡಗಿದರು. ಅವನೂ ಅಷ್ಟೇ, ಯಾರಾದರೂ ಕೆಮ್ಮಿದರೆ ತನ್ನ ವಿಷಯವೇ ಇರಬೇಕೆಂದು ತಿರುಗಿ ನೋಡುವನು.

ಅಂಥ ದಿನಗಳಲ್ಲಿ ಒಂದು ಬೆಳಿಗ್ಗೆ ದುರಗವ್ವ ಕಾಲುವೆ ಹಿಡಿದು ನಡೆದು ಬಂದು ತೂಬಿನ ಎದುರು ಕೂತಳು. ಎಲೆ ಮಡಚಿ ಬಾಯಿಗಿಟ್ಟುಕೊಂಡು ಹೇಳಿದಳು.

"ಹಯಾತಣ್ಣ, ನಿನ್ನ ಬೀಗರ ತೋಟದಾಗ ಕಪ್ಪಿ ಒದರಾಕತ್ತಾವು. ನನ್ನ ತೋಟದಾಗ ಕಾಲಿಟ್ರ ನೆಲ ಸುಡತೈತಿ. ನಿನ್ನ ಕಲ್ಲಿನ ನೆರಳು ನಸೀರಾ ಬಂದಾಗಷ್ಟ ಕುಂಟತೈತೇನು?"

ಹಯಾತ ಸಿಟ್ಟಿಗೆದ್ದ. ಚನ್ನವೀರಪ್ಪ ಹೇಳಿ ಕಳಿಸಿದನೇ ಎಂದು ಕೇಳಿದ.

"ಯಾರೂ ಹೇಳಿಲ್ಲ. ಬಳ್ಳಿ ಬಾಡ್ಯಾವು, ಬಂದು ನೋಡು."

ಅವನು ಹೋಗಿ ನೋಡಿದ. ಚೊಗಚೆ ಗಿಡಗಳಿಗೆ ಹಬ್ಬಿದ್ದ ಬಳ್ಳಿಗಳ ಎಲೆ ಅಂಚಿನಿಂದ ಮುದುಡಿ ಹಳದಿಯಾಗಿತ್ತು. ಮೊದಲ ತೋಟದವನ ಕಳ್ಳತನವೇ ಇರಬೇಕೆಂದು ಕಾಲುವೆಯ ಒಡ್ಡನ್ನೆಲ್ಲ ಕೈಯಾಡಿಸಿ ಪರೀಕ್ಷಿಸಿದ. ಎಲ್ಲಿಯೂ ಒಡೆದ ಗುರುತು ಇರಲಿಲ್ಲ.

ಮರುದಿನದ ಸರದಿಯಲ್ಲಿ, ಬೇರೆ ಯಾರನ್ನೋ ಕಾಯುವ ಹಾಗೆ, ಅವನು ತನ್ನನ್ನೇ ಕಾದ. ನಸೀರಾಳ ತೋಟದ ಹೊತ್ತಿಗೆ ಅವಳು ಎಂದಿನಂತೆ ಬುತ್ತಿ ತಂದಳು, ಕಂಕುಳಲ್ಲಿ ಕೂಸು ಮರಿಯಮ. ಕೂಸು ಅಜ್ಜನ ಗಡ್ಡ ಹಿಡಿದು ಜಗ್ಗಿತು. ಅವನು ಎರಡು ಮಾತಾಡಿಸಿದ, ಅದು ನಕ್ಕಿತು, ಇನ್ನೊಮ್ಮೆ ಗಡ್ಡ ಕೊಟ್ಟ. ತಲೆ ಎತ್ತಿ ನೋಡುವಾಗ ನೆರಳು ಗುರುತು ದಾಟಿ ಒಂದು ಗೇಣು ಆಚೆ ಬಿದ್ದಿತ್ತು. ಕಾದು ಕೂತ ದಿನವೇ ಇಷ್ಟಾದರೆ, ಕಾಯದ ದಿನಗಳಲ್ಲಿ ಎಷ್ಟಾಗಿರಬೇಕು?

ಮಗಳು ಏನಾಯಿತಪ್ಪಾ ಎಂದು ಕೇಳಿದಳು. ಅವನು ಊಟ ಮುಟ್ಟದೆ ಬುತ್ತಿ ಕಟ್ಟಿ ಕೊಟ್ಟ.

ಮುಂದಿನ ಸೋಮವಾರ ಕಮಿಟಿ ಮತ್ತೆ ಹುಣಸೆಯ ಕೆಳಗೆ ಸೇರಿತು. ಮಾಸ್ತರರೂ ಬಂದಿದ್ದರು. ಜಗಳ ಆಗುತ್ತದೆಂದು ಜನ ಹೆಚ್ಚೇ ಕೂಡಿದ್ದರು. ಯಾರೂ ಬಾಯಿ ತೆರೆಯುವ ಮೊದಲೇ ಹಯಾತ ಕೊಡತಿ ತಂದು ನಡುವೆ ಇಟ್ಟ.

"ನನ್ನ ಮಗಳ ತೋಟ ಈ ನೀರು ಕುಡೀತೈತಿ. ಹಿರೇರು ಹಾಕಿದ ಗೆರಿ ನಾನ ದಾಟೇನಿ. ದುರಗವ್ವನ ಬಳ್ಳಿ ಒಣಗಿದ್ದು ನನ್ನಿಂದ. ತಗೋರಿ."

ಇದರಲ್ಲಿ ಏನೋ ಆಟ ಇದೆ ಎಂದು ಚನ್ನವೀರಪ್ಪ ಪಕ್ಕದವನ ಕಿವಿಯಲ್ಲಿ ಹೇಳಿದ. ಯಾರೂ ಕೊಡತಿಗೆ ಕೈ ಹಾಕಲಿಲ್ಲ. ಕೆರೆಯ ಕೆಳಗೆ ನೆಲವಿಲ್ಲದ ಮನೆಗಳನ್ನು ಹುಡುಕಿದರು. ಇದ್ದದ್ದು ಮೂರು ಮನೆ, ಮೂರೂ ಮನೆಯವರು ಬೇಡವೆಂದರು. ಹಯಾತನ ಮೇಲೆ ಬಂದ ಮಾತು ನಾಳೆ ತಮ್ಮ ಮೇಲೂ ಬರುತ್ತದೆ ಎಂಬ ಅಂಜಿಕೆ. ಕಡೆಗೆ ಕೈ ಎತ್ತಿಸಿದರು. ಹೆಚ್ಚು ಕೈ ಚನ್ನವೀರಪ್ಪನಿಗೆ ಎದ್ದವು. ಊರು ಎತ್ತಿದ ಮೊದಲ ಕೈ ಅದು. ಮಾಸ್ತರರು ಸಂತೋಷಪಡಬೇಕೋ ಬೇಡವೋ ತಿಳಿಯದೆ ಕೂತಿದ್ದರು. ನೆಟ್ಟ ಕಲ್ಲನ್ನು ಮಾತ್ರ ಕೀಳಬಾರದೆಂದು ಹಯಾತ ಕೇಳಿಕೊಂಡ. ಅದಕ್ಕೆ ಎಲ್ಲರೂ ಹೂಂ ಎಂದರು.

ಮರುದಿನ ಚನ್ನವೀರಪ್ಪ ತೂಬಿಗೆ ಬಂದಾಗ ಹಯಾತ ಕಲ್ಲಿನ ಪಕ್ಕ ಕಂಬಳಿ ಹಾಸಿಕೊಂಡು ಕೂತಿದ್ದ. ಅದರ ಮರುದಿನವೂ ಕೂತಿದ್ದ. ನಾಲ್ಕು ದಿನ ನೋಡಿ ಚನ್ನವೀರಪ್ಪನಿಗೆ ತಡೆಯಲಾಗಲಿಲ್ಲ.

"ಕೊಡತಿ ಹೋತು, ಆಯಾನೂ ಹೋತು. ಇನ್ನ ಏನು ಕಾಯಾಕತ್ತಿ ಹಯಾತ?"

"ನನ್ನ ಕೈಯಾಗ ಕೊಡತಿ ಇದ್ದಾಗ ಯಾರೂ ಹಿಂಗ ಬಂದು ಕುಂದರಲಿಲ್ರಿ ಧಣ್ಯಾರ. ಹಂಗಾಗಿ ಕೆಟ್ಟೆ."

ನೆರಳು ಗುರುತಿಗೆ ಬಂದರೆ ಅವನು ಮಾತಾಡುತ್ತಿರಲಿಲ್ಲ, ಬರೀ ಕೆಮ್ಮುತ್ತಿದ್ದ. ಚನ್ನವೀರಪ್ಪ ಹಲ್ಲು ಕಡಿದು, ತನ್ನ ತೋಟಕ್ಕೆ ನೀರು ನಿಲ್ಲುವಂತೆ ಆಳಿನಿಂದ ಒಡ್ಡು ಕಟ್ಟಿಸುತ್ತಿದ್ದ. ಆ ಮಳೆಗಾಲದ ಹೊತ್ತಿಗೆ ದುರಗವ್ವನ ಬಳ್ಳಿ ಹೊಸ ಕುಡಿ ಇಟ್ಟಿತು. ನಸೀರಾ ಬುತ್ತಿ ತರುವುದನ್ನು ನಿಲ್ಲಿಸಿದಳು. ಮೊಮ್ಮಗಳನ್ನು ನೋಡಲು ಅವನೇ, ತೂಬು ಮುಚ್ಚಿದ ಮೇಲೆ, ಹೋಗಿ ಬರುತ್ತಿದ್ದ.

ನಲವತ್ತೊಂಬತ್ತರಲ್ಲಿ ಮಾಸ್ತರರು ಪತ್ರಿಕೆ ತಂದು, ದಿಲ್ಲಿಯಲ್ಲಿ ದೇಶಕ್ಕೆ ಸಂವಿಧಾನ ಬರೆಯುತ್ತಿದ್ದಾರೆಂದು ಓದಿ ಹೇಳಿದರು. ಅದರೊಳಗೆ ಕಲ್ಲು ನೆಟ್ಟಾರೇನ್ರಿ ಎಂದು ಹಯಾತ ಕೇಳಿದ. ಬಹಳ ನೆಟ್ಟಿದ್ದಾರೆ ಎಂದರು ಮಾಸ್ತರರು. ಪಕ್ಕದಲ್ಲಿ ಕುಳಿತುಕೊಳ್ಳುವವರು ಯಾರೆಂದು ಕೇಳಿದ. ಅವರು ಪತ್ರಿಕೆ ಮಡಚಿದರು.

ಆ ವರ್ಷ ದೀಪಾವಳಿ ಕಳೆದ ಮೇಲೆ ಹಯಾತ ಜ್ವರದಲ್ಲಿ ಹೋದ. ಮಣ್ಣಾದ ಮೂರನೆಯ ದಿನ ಚನ್ನವೀರಪ್ಪ ತೂಬಿಗೆ ಬಂದ. ಕಲ್ಲಿನ ಪಕ್ಕ ಯಾರೂ ಇರಲಿಲ್ಲ. ಅವನ ತೋಟಕ್ಕೆ ನೀರು ಹರಿಯಿತು, ನೆರಳು ಗುರುತಿಗೆ ಬಂತು, ಒಡ್ಡು ಕಟ್ಟಲು ಅವನು ಆಳಿಗೆ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಕಾಲುವೆಯ ಅಂಚಿನಲ್ಲಿ ದುರಗವ್ವ ಬರುವುದು ಕಾಣಿಸಿತು. ಬಂದವಳು ನಸೀರಾಳಿಂದ ಕೇಳಿ ತಂದ ಹಯಾತನ ಕಂಬಳಿಯನ್ನು ಕಲ್ಲಿನ ಪಕ್ಕ ಹಾಸಿ ಕೂತಳು. ಸೊಂಟದ ಚೀಲದಿಂದ ಎಲೆ ತೆಗೆದು ಸುಣ್ಣ ಹಚ್ಚಿದಳು. ಆಮೇಲೆ ನೆರಳನ್ನು ನೋಡಿ ಒಮ್ಮೆ ಕೆಮ್ಮಿದಳು.

ಚನ್ನವೀರಪ್ಪ ಆಳನ್ನು ಕರೆದ.